ಮೂರೇ ಇರುವ ಡಬ್ಬಿ

ಅಕ್ಕನ ಮಗ ನಮ್ಮ ಮನೆಯಲ್ಲಿದ್ದುಕೊಂಡೇ ಕೆಲಸಕ್ಕೆ ಹೋಗುತ್ತಾನೆ. ಬೆಳಗ್ಗೆ ಆರಕ್ಕೆ ಅಡುಗೆಮನೆಯಲ್ಲಿ ಶೇಕರ್ ಕಡಕಡ ಸದ್ದು. ಕಲ್ಲಂಗಡಿ ವಾಸನೆಯ ಗುಲಾಬಿ ನೀರು. ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ‘ಬಿಸಿಎಎ’. ಮಾಂಸಖಂಡ ಬೆಳೆಯಲಿ ಅಂತ ನೀರಿಗೆ ಕಲಸಿ ಕುಡಿಯುವ ಪುಡಿ.

ಮೊನ್ನೆ ಅವನ ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ) 6.1% ಬಂತು, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. "ಮಾಮ, ಇದರಲ್ಲಿ ಸಕ್ಕರೆಯೇ ಇಲ್ವಲ್ಲ!" ಅಂದ. ಪುಡಿಯಿಂದಲೇ ಬಂತು ಅಂತ ನಾನೂ ಹೇಳಲ್ಲ. ಅವನ ತಾತನಿಗೂ ಶುಗರ್ ಇತ್ತು. ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತರಿಸುವ ಚಾಳಿ ಬೇರೆ.

ಆದರೂ ಡಬ್ಬಿಯ ಕಥೆ ಕೇಳಿ. ಅದರಲ್ಲಿರುವುದು ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಅನ್ನುವ ಮೂರು ಅಮೈನೋ ಆಮ್ಲಗಳು, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳು. ದಪ್ಪಗಿರುವವರ ರಕ್ತದಲ್ಲಿ ಇವು ಜಾಸ್ತಿ ಅಂತ 1969ರಲ್ಲೇ ಫೆಲಿಗ್ ಅನ್ನುವ ಸಂಶೋಧಕರ ತಂಡ ಬರೆದಿತ್ತು. ಜನರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದಲ್ಲಿ ಕಾದಿಟ್ಟಿದ್ದ ಹಳೆಯ ರಕ್ತದ ಮಾದರಿಗಳನ್ನು ಪರೀಕ್ಷಿಸಿದ ವರದಿ 2011ರಲ್ಲಿ ಬಂತು. ಇವುಗಳ ಮಟ್ಟ ಜಾಸ್ತಿ ಇದ್ದವರಿಗೆ ಮುಂದಿನ 12 ವರ್ಷದೊಳಗೆ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚಿತ್ತು.

ಲ್ಯೂಸಿನ್ ಜೀವಕೋಶದೊಳಗೆ ಎಂಟಾರ್ ಅನ್ನುವ ಸ್ವಿಚ್ ಒತ್ತುತ್ತದೆ. ಮಾಂಸಖಂಡ ಬೆಳೆಯಲು ಅದು ಬೇಕು. ಆದರೆ ಅದು ಸದಾ ಆನ್ ಇದ್ದರೆ ಇನ್ಸುಲಿನ್ ಸೂಚನೆ ದಾಟಿಸುವ ಪ್ರೋಟೀನ್ ಮಂಕಾಗಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ ಅನ್ನುವುದು ಒಂದು ವಾದ. ಅದು ತಿರುವುಮುರುವು, ಇನ್ಸುಲಿನ್ ಕೆಲಸ ಕೆಟ್ಟಿದ್ದಕ್ಕೇ ಇವು ರಕ್ತದಲ್ಲಿ ಉಳಿಯುತ್ತವೆ ಅನ್ನುವ ವಾದವೂ ಇದೆ. ಆ ಜಗಳ ಇನ್ನೂ ಮುಗಿದಿಲ್ಲ.

ನನಗೆ ನಾಟಿದ್ದು 2009ರ ಇಲಿಗಳ ಪ್ರಯೋಗ. ಕೊಬ್ಬಿನ ಊಟದ ಜೊತೆ ಈ ಮೂರನ್ನೂ ಕೊಟ್ಟರು. ಇಲಿಗಳು ಕಡಿಮೆ ತಿಂದವು, ತೂಕವೂ ಕಡಿಮೆಯೇ ಏರಿತು. ಆದರೂ ಅವುಗಳ ಮೈ ಇನ್ಸುಲಿನ್ ಮಾತು ಕೇಳದಷ್ಟು ಮೊಂಡಾಯಿತು. ಮಾಮೂಲಿ ಆಹಾರದ ಜೊತೆ ಕೊಟ್ಟಾಗ ಹಾಗಾಗಲಿಲ್ಲ. ಇಲಿ ಮನುಷ್ಯನಲ್ಲ, ನಿಜ. ಆದರೂ ಬಿರಿಯಾನಿ ನೆನಪಾಯಿತು, ಅಲ್ವಾ?

ಇದನ್ನು ಅಕ್ಕನಿಗೆ ಫೋನಲ್ಲಿ ಹೇಳಿದ್ದೇ ತಪ್ಪಾಯಿತು. "ಹಾಗಾದ್ರೆ ಬೇಳೆ, ಮೊಟ್ಟೆ ಎಲ್ಲ ನಿಲ್ಲಿಸು" ಅಂದಳು. ಅಯ್ಯೋ, ಹಾಗಲ್ಲಕ್ಕಾ! ಊಟದಿಂದಲೇ ಸಿಗಬೇಕಾದ ಅಮೈನೋ ಆಮ್ಲಗಳು ಒಂಬತ್ತು. ಡಬ್ಬಿಯಲ್ಲಿರುವುದು ಮೂರೇ. ಉಳಿದ ಆರಿಲ್ಲದೆ ಮಾಂಸಖಂಡ ಕಟ್ಟುವುದಾದರೂ ಹೇಗೆ? ಆ ಆರರಲ್ಲಿ ಒಂದಾದ ಲೈಸಿನ್ ರಾಗಿಯಲ್ಲಿ ಕಡಿಮೆ, ಹುರುಳಿಯಲ್ಲಿ ಅದು ಧಾರಾಳ. ಹುರುಳಿಯಲ್ಲಿ ಕಡಿಮೆ ಇರುವ ಇನ್ನೊಂದು, ಮೆಥಿಯೋನಿನ್, ರಾಗಿಯಲ್ಲಿ ಸಿಗುತ್ತದೆ. ನಮ್ಮ ತಟ್ಟೆಯಲ್ಲಿ ಮುದ್ದೆ ದೊಡ್ಡದು, ಸಾರು ನೀರು ನೀರು. ನಾನು ಅದನ್ನು ತಿರುಗಿಸಿದ್ದೇನೆ. ಮುದ್ದೆ ಚಿಕ್ಕದು, ಸಾರಿನಲ್ಲಿ ಕಾಳು ಜಾಸ್ತಿ. ಮೊದಲು ನಾಲ್ಕು ತುತ್ತು ಬರೀ ಕಾಳು.

ಹುಡುಗನೂ ತಿನ್ನುತ್ತಾನೆ. ಡಬ್ಬಿ ಮಾತ್ರ ಫ್ರಿಜ್ ಮೇಲೇ ಇದೆ. "ದುಡ್ಡು ಕೊಟ್ಟಿದ್ದೀನಲ್ಲ ಮಾಮ, ಇನ್ನು ಅರ್ಧ ಅಷ್ಟೇ" ಅನ್ನುತ್ತಾನೆ.