ಬಿಳಿ ಸೆರಗು, ತುರಿಕೆ: ಮಾತ್ರೆಗೂ ಮೊದಲು ಸ್ವಾಬ್

ಬಿಳಿ ಸೆರಗು, ತುರಿಕೆ, ಉರಿ ಎಂದ ಕೂಡಲೇ ಪರೀಕ್ಷೆಯನ್ನೇ ಮಾಡದೆ ಫಂಗಸ್ ಮಾತ್ರೆ ಬರೆದು ಕಳಿಸುವ ರೂಢಿ ನಿಲ್ಲಬೇಕು. ನಾಲ್ಕು ದಿನ ತಗ್ಗಿ ಮತ್ತೆ ಶುರುವಾದರೆ ಹೆಂಗಸಿನ ಶುಚಿತ್ವದ ಮೇಲೆ ಗೂಬೆ ಕೂರಿಸುವುದು ಇನ್ನೂ ದೊಡ್ಡ ಅನ್ಯಾಯ. ಕ್ಯಾಂಡಿಡಾ (ಫಂಗಸ್), ಬ್ಯಾಕ್ಟೀರಿಯಲ್ ವಜೈನೋಸಿಸ್ (ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪುವುದು), ಟ್ರೈಕೊಮೊನಾಸ್ (ಸಂಭೋಗದಿಂದ ಹರಡುವ ಏಕಕೋಶ ಪರಾವಲಂಬಿ) ಈ ಮೂರನ್ನೂ ಬರೀ ಲಕ್ಷಣ ಕೇಳಿ ಬೇರ್ಪಡಿಸಲು ಆಗುವುದಿಲ್ಲ. ಎರಡು ಒಟ್ಟಿಗೇ ಇರುವುದೂ ಉಂಟು. ಮದ್ದು ಮಾತ್ರ ಬೇರೆ ಬೇರೆ.

ಮೊದಲು ಪಿಎಚ್, ಅಂದರೆ ಆಮ್ಲೀಯತೆಯ ಅಳತೆ. ಯೋನಿಯ ಪಕ್ಕದ ಗೋಡೆಯಿಂದ ಸ್ವಾಬಿನಲ್ಲಿ (ತುದಿಗೆ ಹತ್ತಿ ಸುತ್ತಿದ ಕಡ್ಡಿ) ತೆಗೆದ ಸ್ರಾವವನ್ನು ಪಿಎಚ್ ಪೇಪರಿಗೆ ಸವರಿದರೆ ಕ್ಷಣದಲ್ಲಿ ಬಣ್ಣ ತಿರುಗುತ್ತದೆ. 4.5 ದಾಟಿದರೆ ವಜೈನೋಸಿಸ್ ಅಥವಾ ಟ್ರೈಕೊಮೊನಾಸ್ ಅನುಮಾನ. ಕ್ಯಾಂಡಿಡಾದಲ್ಲಿ ಸಾಮಾನ್ಯವಾಗಿ ಅದರೊಳಗೇ ಇರುತ್ತದೆ. ಗರ್ಭಕಂಠದ ಲೋಳೆ, ರಕ್ತ, ವೀರ್ಯ ತಾಗಿದರೆ ಅಂಕಿ ಸುಮ್ಮನೆ ಏರುತ್ತದೆ. ಮುಟ್ಟು ನಿಂತವರಲ್ಲಿ ಸೋಂಕಿಲ್ಲದೆಯೂ ಹೆಚ್ಚಿರುತ್ತದೆ.

ಆಮೇಲೆ ಸ್ರಾವವನ್ನು ಸ್ಲೈಡಿಗೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು: ಒಂದು ಹನಿ ಸಲೈನಿನಲ್ಲಿ, ಇನ್ನೊಂದು ಫಂಗಸ್ ಎದ್ದು ಕಾಣಲೆಂದು 10% ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ. ಹೆಚ್ಚು ಎಡವುವುದು ಇಲ್ಲೇ. ಟ್ರೈಕೊಮೊನಾಸನ್ನು ಗುರುತಿಸುವುದು ಅದರ ಚಲನೆಯಿಂದ. ಸ್ಲೈಡ್ ಹತ್ತು ನಿಮಿಷ ಮೇಜಿನ ಮೇಲೆ ಉಳಿದರೂ ಚಲನೆ ಕುಂದುತ್ತದೆ, ನಿಂತ ಮೇಲೆ ಅದು ಬಿಳಿ ರಕ್ತಕಣದಂತೆಯೇ ಕಾಣುತ್ತದೆ. ತಕ್ಷಣ ನೋಡಿದರೂ ಎಷ್ಟೋ ಸೋಂಕು ತಪ್ಪಿಹೋಗುತ್ತವೆ. ಹಾಗಾಗಿ ಸ್ಲೈಡಿನಲ್ಲಿ 'ಇಲ್ಲ' ಎಂದು ಬಂದರೆ ಸುಮ್ಮನಾಗಬೇಡಿ, ಯೋನಿ ಸ್ವಾಬಿನಿಂದ ಟ್ರೈಕೊಮೊನಾಸ್ ಪಿಸಿಆರ್ (ಜೀವಿಯ ಡಿಎನ್ಎ ಹುಡುಕುವ ಪರೀಕ್ಷೆ) ಮಾಡಿಸಿ ಎಂದು ಕೇಳಿ.

ವಜೈನೋಸಿಸಿಗೆ ಬ್ಯಾಕ್ಟೀರಿಯಾ ಕಲ್ಚರ್ (ಲ್ಯಾಬಿನಲ್ಲಿ ಬೆಳೆಸಿ ನೋಡುವುದು) ಕಳಿಸುವುದರಿಂದ ಏನೂ ಪ್ರಯೋಜನವಿಲ್ಲ, ಅದರಲ್ಲಿ ಹೆಚ್ಚುವ ಗಾರ್ಡ್ನೆರೆಲ್ಲಾ ಬ್ಯಾಕ್ಟೀರಿಯಾ ಆರೋಗ್ಯವಂತರಲ್ಲೂ ಬೆಳೆಯುತ್ತದೆ. ಬೇಕಾದದ್ದು ಗ್ರಾಮ್ ಸ್ಟೇನ್ ಮಾಡಿ (ಬಣ್ಣ ಹಾಕಿ), ಕಂಡ ಬ್ಯಾಕ್ಟೀರಿಯಾಗಳನ್ನು ನೋಡಿ ಕೊಡುವ ನ್ಯೂಜೆಂಟ್ ಸ್ಕೋರ್: 0ರಿಂದ 3 ಸಹಜ, 7ರಿಂದ 10 ವಜೈನೋಸಿಸ್. ಕಲ್ಚರ್ ನಿಜವಾಗಿ ಬೇಕಾಗುವುದು ಮರುಕಳಿಸುವ ಕ್ಯಾಂಡಿಡಾಕ್ಕೆ, ಅದೂ ಪ್ರಭೇದದ ಹೆಸರಿನ ಸಮೇತ. ಕ್ಯಾಂಡಿಡಾ ಗ್ಲಾಬ್ರಾಟಾ ಎಂಬ ಪ್ರಭೇದ ಎಳೆಎಳೆಯಾಗಿ ಬೆಳೆಯುವುದಿಲ್ಲ, ಸ್ಲೈಡಿನಲ್ಲಿ ಸುಲಭವಾಗಿ ಕಣ್ತಪ್ಪುತ್ತದೆ. ಮಾಮೂಲಿ ಫಂಗಸ್ ಮಾತ್ರೆ ಫ್ಲುಕೊನಜೋಲಿಗೂ ಅಷ್ಟಾಗಿ ಬಗ್ಗುವುದಿಲ್ಲ.

ಪ್ಯಾಪ್ ಸ್ಮಿಯರ್ (ಗರ್ಭಕಂಠದ ಕ್ಯಾನ್ಸರ್ ತಪಾಸಣೆ), ಮೂತ್ರದ ಕಲ್ಚರ್ ಸರಿಯಿದೆ ಎಂದರೆ ಇವು ಯಾವುವೂ ಇಲ್ಲ ಎಂದಲ್ಲ. ಹಾಗಂತ ಹತ್ತಾರು ಸೂಕ್ಷ್ಮಜೀವಿಗಳ ದುಬಾರಿ ಪ್ಯಾನೆಲ್ಲೂ ಬೇಡ. ಅಂಥ ಪ್ಯಾನೆಲ್ಲಿನಲ್ಲಿ ಬರುವ ಯೂರಿಯಾಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ತೊಂದರೆಯಿಲ್ಲದವರಲ್ಲೂ ಸಿಗುತ್ತದೆ, ಅದರ ಹಿಂದೆ ಬಿದ್ದು ಆ್ಯಂಟಿಬಯೋಟಿಕ್ ನುಂಗಿದ್ದೇ ಬರುತ್ತದೆ.

ಸ್ವಾಬ್ ಕೊಡುವ ಹಿಂದಿನ ಒಂದೆರಡು ದಿನ ಕ್ರೀಮು, ಒಳಗಿಡುವ ಮಾತ್ರೆ, ಒಳಗೆ ನೀರು ಹಾಕಿ ತೊಳೆಯುವುದು, ಸಂಭೋಗ ಬೇಡ. ಈಗಾಗಲೇ ಮಾತ್ರೆ ತೆಗೆದುಕೊಂಡಿದ್ದರೆ ಯಾವುದು, ಯಾವಾಗ ಎಂದು ಮುಚ್ಚಿಡದೆ ಹೇಳಿ. ಗರ್ಭಿಣಿಯಾಗಿದ್ದರೆ ಅದನ್ನೂ ಮೊದಲೇ ತಿಳಿಸಿ. ಕಿಬ್ಬೊಟ್ಟೆ ನೋವಿನ ಜೊತೆ ಜ್ವರವಿದ್ದರೆ ಒಂದೆರಡು ದಿನ ಕಾಯುವ ಮಾತೇ ಇಲ್ಲ, ಅವತ್ತೇ ವೈದ್ಯರ ಹತ್ತಿರ ಹೋಗಿ.

ಟ್ರೈಕೊಮೊನಾಸ್ ಸಿಕ್ಕಿದರೆ ಸಂಗಾತಿಗೂ ಚಿಕಿತ್ಸೆ ಆಗಲೇಬೇಕು, ಅವರಿಗೆ ಏನೂ ಲಕ್ಷಣ ಇಲ್ಲದಿದ್ದರೂ. ಇಬ್ಬರದ್ದೂ ಮುಗಿಯುವವರೆಗೆ ಸಂಭೋಗ ಬೇಡ. ಚಿಕಿತ್ಸೆ ಮುಗಿದು ಮೂರು ತಿಂಗಳಿಗೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಚಿಕಿತ್ಸೆಯ ನಂತರ ಮೂರು ವಾರದೊಳಗೆ ಪಿಸಿಆರ್ ಮಾಡಿಸಿದರೆ ಸತ್ತ ಜೀವಿಯ ಅವಶೇಷವನ್ನೇ ಹಿಡಿದು ಪಾಸಿಟಿವ್ ತೋರಿಸಬಹುದು.