ಗೋಲಿಗೆ ಗೊತ್ತಿತ್ತು

ಚಪ್ಪಲಿ ಕೊಳ್ಳುವಾಗ ನಾನು ಅಂಗಡಿ ತುಂಬಾ ನಾಲ್ಕು ಸುತ್ತು ನಡೆದು ನೋಡುತ್ತೇನೆ. ಬಲಗಾಲಿಗೆ ಸರಿಯಾದದ್ದು ಎಡಗಾಲಿಗೂ ಸರಿಯಾಗಬೇಕಲ್ಲ! ಮನೆಯನ್ನು ಮಾತ್ರ 20 ನಿಮಿಷದಲ್ಲಿ ನೋಡಿ ಮುಗಿಸಿದೆ. ಅದರಲ್ಲೂ ಅರ್ಧ ಹೊತ್ತು ಬಾಲ್ಕನಿಯಲ್ಲಿ ಸುಮ್ನೆ ಗಾಳಿ ಕುಡಿಯುತ್ತಾ ನಿಂತಿದ್ದೆ.

"ರೀ, ಯಾರಾದ್ರೂ ಇಂಜಿನಿಯರ್‌ಗೆ ಒಂದ್ಸಲ ತೋರಿಸೋಣ್ವಾ?" ಎಂದಳು ಹೆಂಡತಿ.

"ಯಾಕೆ, ನನಗೆ ಕಣ್ಣಿಲ್ವಾ?" ಎಂದೆ.

ಕಣ್ಣಿತ್ತು. ಆದರೆ ಅದು ಹಾಲ್‌ನ ಒಂದು ಗೋಡೆಯ ಹೊಸ ಬಣ್ಣಕ್ಕೆ ಅಂಟಿಕೊಂಡುಬಿಟ್ಟಿತ್ತು. ಮನೆಯೆಲ್ಲಾ ಹಳೇ ಬಣ್ಣ, ಈ ಒಂದಕ್ಕೆ ಮಾತ್ರ ಯಾಕೆ ಹೊಸದು ಅಂತ ಹೊಳೆಯಲೇ ಇಲ್ಲ. ಮಾರುವವರಿಗೆ ಒಳ್ಳೆ ಟೇಸ್ಟ್ ಇದೆ ಅಂದುಕೊಂಡೆ.

ಮೊದಲ ಮಳೆಗೇ ಗೊತ್ತಾಯಿತು. ಗೋಡೆ ನಡುವೆ ಅಂಗೈಯಷ್ಟು ಒದ್ದೆ ಕಲೆ ಕಾಣಿಸಿತು. ವಾರದಲ್ಲಿ ಅದು ಭೂಪಟವಾಯಿತು. ಮಳೆ ನಿಂತ ಮೇಲೆ ಬಣ್ಣ ಬೊಬ್ಬೆ ಎದ್ದು, ಅಡಿಯಿಂದ ಬಿಳಿ ಪುಡಿ ಉದುರತೊಡಗಿತು. ಗೋಡೆಯೊಳಗಿನ ನೀರು ಉಪ್ಪನ್ನು ಹೊರಗೆ ಎಳೆದು ತಂದು, ತಾನು ಮಾತ್ರ ಆರಿ ಹೋಗುತ್ತದಂತೆ. ಗುಡಿಸುವ ಕೆಲಸ ನನ್ನದು.

ಬಚ್ಚಲಿನ ಕತೆ ಇನ್ನೊಂದು. ನೀರು ಜಾಲರಿ ಕಡೆ ಹರಿಯಬೇಕು ತಾನೆ? ನಮ್ಮದು ಬಾಗಿಲು ದಾಟಿ ಮಲಗುವ ಕೋಣೆಗೆ ಬರುತ್ತಿತ್ತು. ನೋಡಲು ಹೋದ ದಿನ ಒಂದು ಬಕೆಟ್ ನೀರು ಸುರಿದಿದ್ದರೆ ಸಾಕಿತ್ತು. ಆದರೆ ಬೇರೆಯವರ ಬಚ್ಚಲಲ್ಲಿ ಬಕೆಟ್ ಹಿಡಿದು ನಿಲ್ಲೋದು ಹೇಗೆ? ಮರ್ಯಾದೆ ಪ್ರಶ್ನೆ!

ಫ್ರಿಜ್ ಮುಟ್ಟಿದಾಗ ಕೈ ಜುಮ್ ಅಂದ ದಿನ, ಮನೆ ಪರೀಕ್ಷೆ ಮಾಡುವವರನ್ನು ಕರೆಸಿದೆವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಅವರು ಪ್ಲಗ್ ಪಾಯಿಂಟ್ ಬಿಚ್ಚಿ, "ಸಾರ್, ಈ ಮೂರನೇ ತೂತು ಬರೀ ತೂತು. ಅರ್ಥ್ ವೈರೇ ಇಲ್ಲ" ಎಂದರು. 30 ಮಿಲಿ ಆಂಪಿಯರ್ ಕರೆಂಟ್ ಸೋರಿದರೂ ತಕ್ಷಣ ಲೈನ್ ಕಡಿಯುವ ಸ್ವಿಚ್ ಒಂದು ಇರಬೇಕಿತ್ತಂತೆ. ಅದೂ ಇಲ್ಲ. ಕರೆಂಟ್ ಸೋರುತ್ತಿದೆ ಅಂತ ಕೂಗಿ ಹೇಳುವ ಕೆಲಸ ಇಷ್ಟು ದಿನ ನಾನೇ ಮಾಡುತ್ತಿದ್ದೆ.

ಆಮೇಲೆ ಕೋಲು ಹಿಡಿದು ಟೈಲ್ಸ್ ಬಡಿಯುತ್ತಾ ಹೋದರು. ಟಕ್ ಅಂದರೆ ಗಟ್ಟಿ, ಡಬ್ ಅಂದರೆ ಅಡಿಯಲ್ಲಿ ಪೊಳ್ಳು. ನಮ್ಮ ಹಾಲ್ ಒಳ್ಳೆ ತಬಲಾ ನುಡಿದ ಹಾಗೆ ನುಡಿಯಿತು. ಕಿಟಕಿ ಮೂಲೆಯಿಂದ ಓರೆಯಾಗಿ ಹೋಗಿದ್ದ ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೀಟು ಎಳೆದು, ಪಕ್ಕದಲ್ಲಿ ತಾರೀಕು ಬರೆದರು. "ಬಿರುಕು ಈ ಗೀಟು ದಾಟಿದ್ರೆ ಫೋನ್ ಮಾಡಿ." ಈಗ ಬೆಳಿಗ್ಗೆ ಎದ್ದ ಕೂಡಲೇ ನಾನು ನೋಡೋದು ಅದನ್ನೇ.

ಕೊನೆಗೆ ಜೇಬಿನಿಂದ ಒಂದು ಗಾಜಿನ ಗೋಲಿ ತೆಗೆದು ಹಾಲ್ ನಡುವೆ ಇಟ್ಟರು. ಅದು ಒಂದು ಗಳಿಗೆ ಯೋಚಿಸಿತು. ಮೆಲ್ಲಗೆ ಹೊರಟಿತು. ಸೋಫಾ ಬಳಸಿಕೊಂಡು, ವೇಗ ಹೆಚ್ಚಿಸಿಕೊಂಡು, ನೇರ ಬೀರುವಿನ ಅಡಿಗೆ ಹೋಗಿ ಟಣ್ ಅಂತ ನಿಂತಿತು. ನಾನು ಬಗ್ಗಿ ಕೈ ಹಾಕಿದೆ. ಗೋಲಿಯ ಜೊತೆ ಮೂರು ಪೆನ್ಸಿಲ್, ಮಗನ ಚೆಂಡು, ಎರಡು ತಿಂಗಳಿಂದ ಹುಡುಕುತ್ತಿದ್ದ ನನ್ನ ಪೆನ್ನು, ಎಲ್ಲಾ ಸಿಕ್ಕವು.

"ನೋಡಿದ್ಯಾ, ಈ ಮನೆಯಲ್ಲಿ ಏನೂ ಕಳೆದುಹೋಗಲ್ಲ" ಎಂದೆ.

ಹೆಂಡತಿ ಮಾತಾಡಲಿಲ್ಲ. ಬಚ್ಚಲಿನಿಂದ ನೀರು ಬರುತ್ತಿತ್ತು, ಒರೆಸುವ ಬಟ್ಟೆ ನನ್ನ ಕೈಗೆ ಕೊಟ್ಟಳು.