ಹಗುರ ಡಿಸ್ಕ್ ಮಕ್ಕಳಿಗೆ ಮಾತ್ರ ಅಲ್ಲ

ಡಿಸ್ಕ್ ಗಾಲ್ಫ್ (ತಟ್ಟೆಯಂಥ ಡಿಸ್ಕನ್ನು ದೂರದಿಂದ ಬುಟ್ಟಿಗೆ ಎಸೆಯುವ ಆಟ) ಆಡುವ ಪುಣೆಯ ನಮ್ಮ ಕನ್ನಡ ಗೆಳೆಯರ ನಡುವೆ ಒಂದು ಸಂದೇಶ ಓಡಾಡುತ್ತಿದೆ: ‘150 ಗ್ರಾಂ ಡಿಸ್ಕ್ ಮಕ್ಕಳಿಗೆ. ದೊಡ್ಡವರು ಅದನ್ನು ತಂದರೆ ಸ್ಪರ್ಧೆಗೆ ಸೇರಿಸುವುದಿಲ್ಲ.’ ಇದು ತಪ್ಪು.

ಡಿಸ್ಕ್ ಗಾಲ್ಫ್‌ನ ಅಂತರರಾಷ್ಟ್ರೀಯ ಸಂಸ್ಥೆ ಪಿಡಿಜಿಎಯ ನಿಯಮ ಮಿತಿ ಹಾಕಿರುವುದು ಜಾಸ್ತಿ ತೂಕಕ್ಕೆ: ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ. ಅಂದರೆ 21.2 ಸೆಂ.ಮೀ. ಡಿಸ್ಕ್ ಸುಮಾರು 176 ಗ್ರಾಂ ದಾಟಬಾರದು, ಅಷ್ಟೇ. ಮಾದರಿಗೆ ಮಾನ್ಯತೆ ಇದ್ದರೆ ಹಗುರವಾದದ್ದನ್ನೂ ಧಾರಾಳವಾಗಿ ಎಸೆಯಬಹುದು.

ಕೈಗೆ ಇನ್ನೂ ವೇಗ ಬರದವರಿಗಂತೂ ಹಗುರ ಡ್ರೈವರೇ (ದೂರ ಎಸೆಯುವ ಡಿಸ್ಕ್) ವಾಸಿ. ಕಡಿಮೆ ಶ್ರಮಕ್ಕೆ ಹೆಚ್ಚು ತೇಲುತ್ತದೆ. ಸುಮ್ನೆ ಭಾರದ್ದು ಕೊಂಡು ಭುಜ ನೋಯಿಸಿಕೊಳ್ಳಬೇಡಿ. ಆದರೆ ಮಳೆಗಾಲದ ಪಡುವಣ ಗಾಳಿಗೆ ಎದುರಾಗಿ ಎಸೆದರೆ, ಕೈಯನ್ನು ಎದೆಗೆ ಅಡ್ಡ ತಂದು ಹೊರಕ್ಕೆ ಬೀಸುವ ಬಲಗೈ ಬ್ಯಾಕ್‌ಹ್ಯಾಂಡ್‌ನಲ್ಲಿ ಅದು ಬೇಗ ಬಲಕ್ಕೆ ಮಗುಚುತ್ತದೆ. ಆಗ ಭಾರದ್ದೇ ಮೇಲು, ಬುಟ್ಟಿಯ ಹತ್ತಿರದಿಂದ ಎಸೆಯುವ ಡಿಸ್ಕ್ ಆದ ಪಟರ್‌ಗೂ ಅಷ್ಟೇ.